ರೆಕಾರ್ಡರಿನ ಮುಂದೆ ಮೌನವ್ರತ

ದುಡಿದ ಪ್ರಾಧ್ಯಾಪಕರಿಗೆ ಏಳನೆಯ ವರ್ಷ ಬಿಡುವು ಕೊಡುವ ಪದ್ಧತಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿ ಶುರುಮಾಡಿತು. ಆಗ ಅವರ ಮನಸ್ಸಿನಲ್ಲಿ ಭಾಷಾವಿಜ್ಞಾನಿಗಳು ಇದ್ದಿರಲಾರರು ಎಂಬುದು ನನ್ನ ಗುಮಾನಿ. ಉಳಿದವರು ಆ ವರ್ಷ ಗ್ರಂಥಾಲಯದಲ್ಲಿ ನೆಮ್ಮದಿಯಾಗಿ ತೂಕಡಿಸಬಹುದು. ನಾವು ಕಂಡವರ ಮನೆಯ ಹಜಾರದಲ್ಲಿ ಮೈಕ್ ಹಿಡಿದು ಕೂರಬೇಕು.

ನನ್ನ ವಿಷಯ, ವಲಸೆ ಹೋದ ಕುಟುಂಬಗಳ ಮನೆಮಾತು. ಅಜ್ಜಿಗೆ ಸರಾಗ, ಮಗಳಿಗೆ ಅರೆಬರೆ, ಮೊಮ್ಮಗಳಿಗೆ ಎಲ್ಲವೂ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಶಾಲೆಯ ಭಾಷೆಯಲ್ಲಿ. ಇದನ್ನು ದಾಖಲಿಸಲು ಹೊರಟವನಿಗೆ ಮೊದಲ ವಿಘ್ನ ವಿಮಾನ ನಿಲ್ದಾಣದಲ್ಲೇ ಕಾದಿತ್ತು. ಗಾಳಿಯ ಸದ್ದು ತಡೆಯಲು ಮೈಕಿಗೆ ತೊಡಿಸುವ ಬೂದು ತುಪ್ಪಳದ ಕವಚ ನೋಡಲು ಸತ್ತ ಅಳಿಲಿನಂತೆಯೇ ಇರುತ್ತದೆ. ತಪಾಸಣೆಯವರು ಅದನ್ನು ಪೆನ್ನಿನಿಂದ ತಿವಿದು, ಏನಿದು ಎಂದರು. ‘ಭಾಷೆ ಹಿಡಿಯುವುದಕ್ಕೆ’ ಎಂದೆ. ಮೇಲಧಿಕಾರಿಯನ್ನು ಕರೆಸಿದರು.

ಅಜ್ಜಿಯ ಮನೆಯಲ್ಲಿ ಮೊದಲ ದಿನ ಹೊರತೆಗೆದದ್ದು ಅಮೆರಿಕದ ಭಾಷಾವಿಜ್ಞಾನಿ ಮಾರಿಸ್ ಸ್ವದೇಶ್ 1955ರಲ್ಲಿ ಪ್ರಕಟಿಸಿದ ನೂರು ಮೂಲಪದಗಳ ಪಟ್ಟಿ. ನಾನು, ನೀನು, ಮೀನು, ಹಕ್ಕಿಯವರೆಗೆ ಎಲ್ಲವೂ ಸುಸೂತ್ರ. ಅದರಲ್ಲಿ ನಾಯಿಯ ಬೆನ್ನಿಗೇ ಹೇನು ಬರುತ್ತದೆ. ‘ಹೇನಿಗೆ ಏನೆನ್ನುತ್ತೀರಿ?’ ಎಂದು ಕೇಳಿದ್ದೇ ತಡ, ಅಜ್ಜಿಯ ಕೈ ತಲೆಗೆ ಹೋಯಿತು. ಈ ಮನೆಯಲ್ಲಿ ಯಾರ ತಲೆಯಲ್ಲೂ ಅಂಥದ್ದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅದೂ ತಮ್ಮ ಮನೆಮಾತಿನಲ್ಲಲ್ಲ, ಪತ್ರಿಕಾ ಹೇಳಿಕೆ ಕೊಡುವವರ ಗಂಭೀರ ಭಾಷೆಯಲ್ಲಿ.

ನಮ್ಮ ಕಸುಬಿನ ಶಾಪವೇ ಇದು. ಯಾರೂ ಗಮನಿಸದೆ ಇರುವಾಗ ಜನ ಹೇಗೆ ಮಾತನಾಡುತ್ತಾರೆ ಎಂದು ತಿಳಿಯಬೇಕು, ತಿಳಿಯಲು ಗಮನಿಸಲೇಬೇಕು. ಭಾಷಾವಿಜ್ಞಾನಿ ವಿಲಿಯಂ ಲಬಾವ್ ಇದಕ್ಕೆ ‘ವೀಕ್ಷಕನ ವಿರೋಧಾಭಾಸ’ ಎಂದು ಹೆಸರಿಟ್ಟು ಪ್ರಸಿದ್ಧರಾದರು. ರೆಕಾರ್ಡರಿನ ಕೆಂಪು ದೀಪ ಹೊತ್ತಿದೊಡನೆ ಎಲ್ಲರೂ ವ್ಯಾಕರಣ ಪಂಡಿತರಾಗುವುದನ್ನು ನೋಡುತ್ತ ಕೂರುವ ಕೆಲಸವನ್ನು ನಮಗೆ ಬಿಟ್ಟರು.

ಇಂಥ ಸಂಕಟಕ್ಕೆಂದೇ ಕಪ್ಪೆಯ ಪುಸ್ತಕವಿದೆ. ಮರ್ಸರ್ ಮೇಯರ್ 1969ರಲ್ಲಿ ಹೊರತಂದ, ಚಿತ್ರಗಳಷ್ಟೇ ಇರುವ ಮಕ್ಕಳ ಪುಸ್ತಕ ಅದು. ಜಾಡಿಯಿಂದ ಕಪ್ಪೆ ತಪ್ಪಿಸಿಕೊಳ್ಳುತ್ತದೆ, ಹುಡುಗ ಮತ್ತು ನಾಯಿ ಹುಡುಕುತ್ತ ಹೋಗುತ್ತಾರೆ. ಅದನ್ನು ತೋರಿಸಿ ಕತೆ ಹೇಳಿಸುವುದು ಜಗತ್ತಿನ ಎಷ್ಟೋ ಭಾಷೆಗಳಲ್ಲಿ ನಡೆದಿದೆ. ಅಜ್ಜಿ ಪುಟ ತಿರುವಿ, ‘ಕಪ್ಪೆ ಹೋಯಿತು, ಸಿಕ್ಕಿತು’ ಎಂದು ಮುಗಿಸಿದರು. ಸರ್ವನಾಮವಿಲ್ಲ, ಇನ್ನೊಂದು ವಾಕ್ಯದೊಳಗೆ ಹೊಕ್ಕು ಕೂರುವ ಅಧೀನವಾಕ್ಯವಿಲ್ಲ. ನನ್ನ ಅನುದಾನವೆಲ್ಲ ಅಧೀನವಾಕ್ಯಗಳ ಮೇಲೇ ನಿಂತಿತ್ತು.

ಅಷ್ಟರಲ್ಲಿ ಮೊಮ್ಮಗಳು ಬಂದು, ಮಗುವಿನ ಕೈಗೆ ಜಾಡಿ ಕೊಟ್ಟವರು ಯಾರು, ಹಾವು ಹೊಕ್ಕಿದ್ದರೆ ಏನು ಗತಿ ಎಂದು ತಕರಾರು ತೆಗೆದಳು. ಅದೂ ಮನೆಮಾತಿನಲ್ಲಿ! ಅಜ್ಜಿ ಎದ್ದು ನಿಂತರು. ಜಾಡಿಯಿಂದ ಹೊರಟ ಜಗಳ ಮಗಳ ಅಶ್ರದ್ಧೆಗೆ, ಅಳಿಯನ ತಂಗಿಯ ಮದುವೆಗೆ, ಅಲ್ಲಿ ಕಾಣೆಯಾದ ಒಡವೆಗೆ ಹರಿಯಿತು. ‘ಕೊಟ್ಟಿದ್ದೇನೆ ಎಂದು ಹೇಳಿದವಳನ್ನು ನಂಬಿದವರನ್ನು ಹೇಳಬೇಕು’ ಎಂಬಂಥ, ಒಂದರೊಳಗೊಂದು ಹೊಕ್ಕ ವಾಕ್ಯಗಳು! ಕೆಂಪು ದೀಪವನ್ನು ಎಲ್ಲರೂ ಮರೆತಿದ್ದರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ದಾಖಲಿಸಿದ್ದನ್ನು ಬಳಸಲು ಮಾತನಾಡಿದವರ ಒಪ್ಪಿಗೆ ಬೇಕು, ಅದು ನಿಯಮ. ಅಜ್ಜಿ ಪೂರ್ತಿ ಕೇಳಿದರು, ನಕ್ಕರು, ಒಡವೆಯ ಭಾಗವನ್ನು ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಒಪ್ಪಿಗೆ ಪತ್ರವನ್ನು ಮಡಿಸಿ ನನ್ನ ಕೈಗಿತ್ತರು.

‘ಇದನ್ನು ಅಳಿಸಿಬಿಡು ಮಗು. ಆ ಕಪ್ಪೆಯ ಕತೆ ಚೆನ್ನಾಗಿ ಹೇಳಿದ್ದೇನಲ್ಲ, ಅದನ್ನೇ ಹಾಕಿಕೋ.’