ಎರಡನೆಯ ಪಗಾರ ಎಲ್ಲಿ ಸಿಗುತ್ತದೆ?

ಬೆಳಗಾವಿ ಬಿಟ್ಟು ಪುಣೆಯಲ್ಲಿ ನೆಲೆಸಿದವರಿಗೆ ಊರಿನ ಮಂದಿ ಕೇಳುವುದು ಒಂದೇ: "ಅಲ್ಲಿ ಪಗಾರ ಅಷ್ಟು ಜಾಸ್ತಿಯೇ?" ಜಾಸ್ತಿಯೇ ಇದೆ. ಹಿಂಜವಡಿಯ ಬಾಡಿಗೆ, ಮಕ್ಕಳ ಶಾಲೆಯ ಫೀಸು ಕಟ್ಟಿದ ಮೇಲೆ ಆ ಜಾಸ್ತಿ ಎಲ್ಲಿ ಹೋಯಿತೆಂದು ಹುಡುಕಬೇಕು. ಓದಿದವರನ್ನು ಈ ಊರಿಗೆ ಎಳೆಯುವುದು ಮೊದಲನೆಯ ಪಗಾರವಲ್ಲ, ಎರಡನೆಯದು, ಅಂದರೆ ಗಂಡ ಹೆಂಡತಿಯಲ್ಲಿ ಇನ್ನೊಬ್ಬರದು.

ಗಂಡ ಸಾಫ್ಟ್‌ವೇರ್, ಹೆಂಡತಿ ಎಂ.ಫಾರ್ಮಾ ಎಂದುಕೊಳ್ಳಿ. ಅವಳಿಗೆ ಗೋವಾದ ವೆರ್ಣಾದಲ್ಲಿ ಔಷಧ ಕಾರ್ಖಾನೆಗಳಿವೆ, ಅವನಿಗೆ ಅಲ್ಲಿ ಆಯ್ಕೆ ಕಡಿಮೆ. ಹುಬ್ಬಳ್ಳಿಯಲ್ಲಿ ಅವನಿಗೆ ಸಿಕ್ಕೀತು, ಅವಳಿಗೆ ಕಷ್ಟ. ಪುಣೆಯಲ್ಲಿ ಸಾಫ್ಟ್‌ವೇರ್, ಚಾಕಣದ ವಾಹನ ಕಾರ್ಖಾನೆಗಳು, ಲಸಿಕೆ ತಯಾರಿಕೆ, ಕಾಲೇಜುಗಳು ಎಲ್ಲವೂ ಇವೆ. ಒಬ್ಬರ ಕೆಲಸ ಹೋದರೂ ಮನೆ ಬದಲಿಸಬೇಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಬೆಳಗಾವಿಯಲ್ಲೇ ಇದೆ. ಆದರೂ ನಮ್ಮ ಹುಡುಗ ಹುಡುಗಿಯರು ಸರ್ಟಿಫಿಕೇಟ್ ಹಿಡಿದು ಹೊರಡುತ್ತಾರೆ, ಬೆಂಗಳೂರಿಗಿಂತ ಹತ್ತಿರ ಎಂದು ಅನೇಕರು ಇತ್ತ ಬರುತ್ತಾರೆ.

ಮುಂಬಯಿಯ ಹಳೆಯ ಕನ್ನಡಿಗರದು ಇದರ ತಿರುವುಮುರುವು. ಕರಾವಳಿಯ ಹುಡುಗರು ಓದು ಅರ್ಧಕ್ಕೆ ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಪದವಿ ಪಡೆದರು. ಅವರಿಗೆ ಬೇಕಿದ್ದುದು ಮಲಗಲು ಜಾಗ ಕೊಡುವ ಊರಿನವನೊಬ್ಬ. ಮಾಟುಂಗದ ಮೈಸೂರು ಅಸೋಸಿಯೇಷನ್ (1926), ಕರ್ನಾಟಕ ಸಂಘ (1933) ಬೆಳೆದದ್ದು ಅಂಥ ನಂಟಿನ ಕಾಲದಲ್ಲಿ. ಇಂದಿನ ಪದವೀಧರ ಸಂಘದ ವಿಳಾಸ ಕೇಳುವುದಿಲ್ಲ, ಮೊಬೈಲಿನಲ್ಲಿ ಹೆಂಡತಿಗೆ ಯಾವ ಕಂಪನಿ ಹತ್ತಿರ ಎಂದು ನೋಡುತ್ತಾನೆ. (ರಾಜ್ಯೋತ್ಸವದ ಊಟಕ್ಕೆ ಮಾತ್ರ ತಪ್ಪದೆ ಬರುತ್ತಾನೆ, ಅದು ಬೇರೆ ಮಾತು.)

ಇದು ಲೆಕ್ಕದಲ್ಲಿ ಕಾಣುವುದೂ ಇಲ್ಲ. 2011ರ ಜನಗಣತಿಯ ಪ್ರಕಾರ ಸುಮಾರು 45 ಕೋಟಿ ಭಾರತೀಯರು ವಲಸಿಗರು. ಹೆಂಗಸರ ವಿಷಯದಲ್ಲಿ ಬಹುಪಾಲು ದಾಖಲಾದ ಕಾರಣ ಮದುವೆ. ಎಂಜಿನಿಯರ್ ಹುಡುಗಿ ಮದುವೆಯಾಗಿ ಪುಣೆಗೆ ಬಂದರೂ ಅದೇ ಸಾಲು. ಅವಳಿಗೆ ಇಲ್ಲಿ ಕೆಲಸ ಸಿಗುತ್ತದೆಂದೇ ಗಂಡ ಹುಬ್ಬಳ್ಳಿಯ ನೌಕರಿ ಬಿಟ್ಟ ಸಂಗತಿಗೆ ಗಣತಿಯಲ್ಲಿ ಜಾಗವಿಲ್ಲ.

ಹಾಗಾಗಿ ಊರಿಗೊಂದು ಐಟಿ ಪಾರ್ಕ್ ಕಟ್ಟಿದರೆ ಮಕ್ಕಳು ಮರಳುತ್ತಾರೆ ಎಂಬ ಭಾಷಣಗಳು ನನಗೆ ರುಚಿಸುವುದಿಲ್ಲ. ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ನೇರ ರೈಲು ಮಾರ್ಗದ ಮಾತು ವರ್ಷಗಳಿಂದ ಇದೆ. ಅದಾದರೆ ಒಬ್ಬರು ಧಾರವಾಡಕ್ಕೆ, ಒಬ್ಬರು ಬೆಳಗಾವಿಗೆ ಹೋಗಿ ಸಂಜೆ ಒಂದೇ ಮನೆಗೆ ಬರಬಹುದು. ಪಾರ್ಕಿಗಿಂತ ಆ ಹಳಿಗಳ ಮೇಲೆ ನನಗೆ ನಂಬಿಕೆ ಹೆಚ್ಚು.