100 ಗ್ರಾಂ ರೇಟು ಅಂತ ಬಾಯಿಬಿಟ್ಟು ಹೇಳಬಾರದಾ?

ವೆನಿಸ್ ಹತ್ತಿರದ ಕಿಯೋಜ್ಜಾ ಮೀನುಗಾರರ ಊರು. ಇಲ್ಲಾದರೂ ತಾಜಾ ಮೀನು ತಿನ್ನೋಣ ಅಂತ ಹೋಟೆಲಿಗೆ ಹೋದೆವು. ಮೆನುವಿನಲ್ಲಿ ಮೀನಿಗೆ 7 ಯೂರೋ ಅಂತಿತ್ತು, ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ ‘ಎತ್ತೊ’, ಅಂದರೆ 100 ಗ್ರಾಂಗೆ ಆ ರೇಟು. ಮಾಣಿ ಇಡೀ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿದ, ನಾವು ಹೂಂ ಅಂದೆವು, ತೂಕ ಎಷ್ಟು ಅಂತ ಅವನು ಹೇಳಲೇ ಇಲ್ಲ. ಬಿಲ್ಲಿನಲ್ಲಿ ಅದೊಂದಕ್ಕೇ 63 ಯೂರೋ! ಸುಮ್ನೆ ಕೂತಿದ್ದಕ್ಕೆ ತಲಾ 3 ಯೂರೋ ‘ಕೊಪೆರ್ತೊ’ ಬೇರೆ. ಅದೂ ಹೋಗಲಿ, ಕರಿದ ಬೊಂಡಾಸ್ (ಸ್ಕ್ವಿಡ್) ಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರ ಇತ್ತು. ಫ್ರೀಜರ್ ಮಾಲು ಅಂತ ಅದರರ್ಥವಂತೆ. ಬಾಯಿಗಿಟ್ಟರೆ ರಬ್ಬರ್. ಎದುರಿಗೆ ಕಾಲುವೆ ತುಂಬ ಮೀನಿನ ದೋಣಿಗಳು ನಿಂತಿರುವಾಗ ನಮಗೆ ಫ್ರೀಜರ್ ಬೊಂಡಾಸ್ ಯಾಕೆ ಕೊಡಬೇಕು, ನೀವೇ ಹೇಳಿ.