ಮೂರನೇ ಹೆಸರಿಗೆ ನಿಂತುಹೋದ ವಂಶಾವಳಿ

ಆಫ್ರಿಕಾದ ಸೊಮಾಲಿಲ್ಯಾಂಡಿನ ರಾಜಧಾನಿ ಹರ್ಗೇಸಾದಲ್ಲಿ ನಾನಿರುವ ಬಾಡಿಗೆ ಮನೆಯ ಯಜಮಾನರ ಎಂಟು ವರ್ಷದ ಮಗ ಮೊನ್ನೆ ಅಂಗಳದಲ್ಲಿ ನಿಂತು, ತನ್ನ ಹೆಸರು, ಅಪ್ಪನ ಹೆಸರು, ಅಪ್ಪನ ಅಪ್ಪನ ಹೆಸರು ಎಂದು ಬೆರಳು ಮಡಚುತ್ತ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಹತ್ತಿ, ಶೇಖ್ ಇಸಾಕರನ್ನು ಮುಟ್ಟಿದ ಮೇಲೆ "ಈಗ ನೀವು ಹೇಳಿ" ಎಂದ. ಶ್ರಾದ್ಧದ ದಿನ ಭಟ್ಟರು ಕೇಳುವ ಮೂರು ಹೆಸರು ಹೇಳಿ ನಾನು ನಿಂತೆ. "ಆಮೇಲೆ?" ಎಂದ. ಆಮೇಲೆ ನನಗೆ ಗೊತ್ತಿದ್ದದ್ದು ಸೀದಾ ವಿಶ್ವಾಮಿತ್ರ.

ಸೊಮಾಲಿಗಳು ಇದನ್ನು ಅಬ್ತಿರ್ಸಿ ಎನ್ನುತ್ತಾರೆ. ಇಸಾಕ್ ಕುಲದ ಮೂಲಪುರುಷ ಅರೇಬಿಯಾದಿಂದ ಬಂದವರೆಂಬುದು ಇವರ ನಂಬಿಕೆ. ಅವರ ಗೋರಿ ಸನಾಗ್ ಪ್ರಾಂತ್ಯದ ಕಡಲತಡಿಯ ಮೈದ್‌ನಲ್ಲಿದೆ. ವಿದ್ವಾಂಸರಿಗೆ ಈ ಕಥೆಯ ಬಗ್ಗೆ ಅನುಮಾನವಿದೆ, ಆದರೆ ನಮ್ಮ ಹಿರಿಯರನ್ನು ಮಯೂರವರ್ಮ ಅಹಿಚ್ಛತ್ರದಿಂದ ಕರೆತಂದನೆಂದು ಕೇಳಿಕೊಂಡೇ ಬೆಳೆದ ಶಿರಸಿ ಸೀಮೆಯವನಾದ ನಾನು ಆ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಇಷ್ಟೆಲ್ಲ ಗಂಡಸರ ಪಟ್ಟಿಯಾದರೂ ಹಬರ್ ಅವಲ್, ಹಬರ್ ಯೂನಿಸ್ ಎಂಬ ಉಪಕುಲಗಳ ಹೆಸರಿನಲ್ಲಿರುವ 'ಹಬರ್' ಎಂದರೆ ಮುದುಕಿ, ತಾಯಿ.

ನನ್ನನ್ನು ಚುಚ್ಚಿದ್ದು ನೆನಪಿನ ಶಕ್ತಿಯಲ್ಲ, ಅದರ ಉಪಯೋಗ. ಯಜಮಾನರ ಸಂಬಂಧಿಯೊಬ್ಬನ ಕಾರಿಗೆ ಸಿಕ್ಕಿ ಒಬ್ಬರು ತೀರಿಕೊಂಡಾಗ ಹಿರಿಯರು ಸೇರಿ 'ಮಗ್' ಎಂಬ ಪರಿಹಾರವನ್ನು ಗೊತ್ತುಮಾಡಿದರು. ಗಂಡಸಿನ ಜೀವಕ್ಕೆ ವಾಡಿಕೆಯ ಲೆಕ್ಕ 100 ಒಂಟೆ. ಯಾವ ತಲೆಮಾರಿನಲ್ಲಿ ಕವಲೊಡೆದವರು ಪಾಲು ಕೊಡಬೇಕೆಂಬುದು ಅಬ್ತಿರ್ಸಿಯಿಂದಲೇ ತಿಳಿಯುತ್ತದೆ. ನಮ್ಮ ಯಜಮಾನರು ಕರೆಂಟ್ ಬಿಲ್ ಕಟ್ಟುವವರಂತೆ ಗೊಣಗುತ್ತಲೇ ತಮ್ಮ ಪಾಲನ್ನು ಎಣಿಸಿಕೊಟ್ಟರು. ಊರಿನಲ್ಲಿ ನನ್ನ ದೊಡ್ಡಪ್ಪನ ಮಗ ಇಂಥದ್ದೇ ಸಂಕಟದಲ್ಲಿದ್ದಾಗ ನೆಂಟರೆಲ್ಲ ಬಂದು, ಅವಲಕ್ಕಿ ತಿಂದು, "ಎಲ್ಲ ಗ್ರಹಚಾರ" ಎಂದು ಹೇಳಿ, ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು. ಗೋತ್ರ ನಮಗೆ ಜಾತಕ ತೋರಿಸುವ ದಿನ ಬಿಟ್ಟರೆ ಬೇರೆ ಯಾವ ದಿನವೂ ಬೇಕಾಗುವುದಿಲ್ಲ.

1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ವಿಮಾನಗಳು ಇದೇ ಊರಿನ ನಿಲ್ದಾಣದಿಂದ ಮೇಲೆದ್ದು ಇದೇ ಊರಿನ ಮೇಲೆ ಬಾಂಬು ಸುರಿದವು; ಸತ್ತವರಲ್ಲಿ ಹೆಚ್ಚಿನವರು ಇಸಾಕರು. ಮುಖ್ಯವಾಗಿ ಇದೇ ಕುಲದವರು 1981ರಲ್ಲಿ ಲಂಡನ್ನಿನಲ್ಲಿ ಕಟ್ಟಿದ್ದ ಸೊಮಾಲಿ ರಾಷ್ಟ್ರೀಯ ಚಳವಳಿ ಯುದ್ಧ ಗೆದ್ದ ಬಳಿಕ, 1991ರ ಮೇ 18ರಂದು ಸೊಮಾಲಿಲ್ಯಾಂಡ್ ಸೊಮಾಲಿಯಾದಿಂದ ಪ್ರತ್ಯೇಕತೆಯನ್ನು ಘೋಷಿಸಿತು. 1993ರಲ್ಲಿ ಬೋರಾಮಾದಲ್ಲಿ ಬೇರೆ ಬೇರೆ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕುಳಿತು ಸರಕಾರವನ್ನು ರೂಪಿಸಿದರು. ನಮ್ಮಲ್ಲಿ ಅಡಿಕೆ ತೋಟದ ಬೇಲಿಯ ತಕರಾರಿಗೇ ಮೂರು ತಲೆಮಾರು ಕೋರ್ಟಿನಲ್ಲಿ ಕಳೆಯುತ್ತದೆ.

ಆದರೂ ಹೇಳಬೇಕಾದ್ದನ್ನು ಹೇಳಿಬಿಡಬೇಕು. ಹೆಂಗಸಿನ ಜೀವಕ್ಕೆ ವಾಡಿಕೆಯ ಲೆಕ್ಕ 50 ಒಂಟೆ. ಪೂರ್ವದ ಲಾಸ್ ಆನೋದ್ ಪಟ್ಟಣದ ಧುಲ್ಬಹಾಂತೆ ಕುಲದವರಿಗೆ ಇಸಾಕರ ಹಿಡಿತದ ಈ ರಾಜ್ಯ ಬೇಡವಾಗಿ 2023ರಲ್ಲಿ ಗುಂಡು ಹಾರಿತು. ಕ್ಷೌರ, ಕಮ್ಮಾರಿಕೆ, ಚರ್ಮದ ಕೆಲಸ ಮಾಡಿಕೊಂಡು ಬಂದ ಗಬೋಯೆ ಸಮುದಾಯದವರೊಂದಿಗೆ ಇಸಾಕರು ನೆಂಟಸ್ತನ ಬೆಳೆಸುವುದಿಲ್ಲ. ನನ್ನ ಕೂದಲು ಕತ್ತರಿಸುವವನು ಗಬೋಯೆ. ಅವನ ಮನೆಗೆ ಹೆಣ್ಣು ಕೊಡುತ್ತೀರಾ ಎಂದು ಒಮ್ಮೆ ಕೇಳಿದಾಗ ಯಜಮಾನರು ಸಿಟ್ಟಾಗಲಿಲ್ಲ. ಚಹಾ ಲೋಟ ಕೆಳಗಿಟ್ಟು, ಮಗುವಿಗೆ ತಿಳಿಹೇಳುವ ಮೆಲುದನಿಯಲ್ಲಿ, "ಅವರು ಒಳ್ಳೆಯವರೇ, ಆದರೆ ಅದು ಹಾಗಲ್ಲ" ಎಂದರು. ನಮ್ಮ ಅಜ್ಜನೂ ಜಗಲಿಯ ಮೇಲೆ ಕವಳ ಹಾಕುತ್ತ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದ.